ಸ್ಟ್ಯಾಲಗ್ಮೈಟ್‌ನಲ್ಲಿ ಹಳೇ ಬರಗಾಲ ಹುಡುಕೋಕೆ ನಾಲ್ಕು ಡೇಟ್ ಸಾಕಾ?

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು. ಆಮೇಲೆ ಸ್ವಲ್ಪ ಸಂಕಟವೂ ಆಯಿತು. ನಿಮ್ಮ ಕೈಯಲ್ಲಿ ಒಂದು ಅಡಿ ಉದ್ದದ ಸ್ಟ್ಯಾಲಗ್ಮೈಟ್, ಅಂದರೆ ಗುಹೆಯ ಚಾವಣಿಯಿಂದ ಹನಿ ಬಿದ್ದು ಬಿದ್ದು ನೆಲದಿಂದ ಮೇಲಕ್ಕೆ ಬೆಳೆದ ಸುಣ್ಣದ ಕಲ್ಲು. ನಾಲ್ಕು ಡೇಟಿಂಗ್‌ಗೆ (ಪದರದ ವಯಸ್ಸು ಅಳೆಯೋಕೆ) ಮಾತ್ರ ದುಡ್ಡು. ಮಿಕ್ಕಿದ್ದನ್ನು ಆಕ್ಸಿಜನ್ ಐಸೊಟೋಪ್‌ಗೆ (ಹಗುರ-ಭಾರ ಆಕ್ಸಿಜನ್ನಿನ ಪಾಲು ಅಳೆಯೋಕೆ) ಹಾಕಲಾ, ಮೆಗ್ನೀಸಿಯಂ-ಸ್ಟ್ರಾಂಷಿಯಂ ಅಳತೆಗೆ ಹಾಕಲಾ ಅಂತ ಗೊಂದಲ. ಹುಡುಕುತ್ತಿರುವುದು 4,200 ವರ್ಷದ ಹಿಂದಿನ ಬರ. ಹೆಸರು ಬದಲಾಯಿಸಿದರೆ ಇದು ನನ್ನದೇ ಥೀಸಿಸ್‌ನ ಎರಡನೇ ವರ್ಷ. ನನ್ನ ಕಲ್ಲು 310 ಮಿಲಿಮೀಟರ್ ಇತ್ತು, ಅಷ್ಟೇ ವ್ಯತ್ಯಾಸ.

ಆಗ 2018. ಹೋಲೋಸೀನ್ ಕಾಲದ, ಅಂದರೆ ಕಳೆದ ಹಿಮಯುಗ ಮುಗಿದ ಮೇಲಿನ ಕಾಲದ, ಕೊನೇ ಭಾಗಕ್ಕೆ ‘ಮೇಘಾಲಯನ್’ ಅಂತ ಅಧಿಕೃತವಾಗಿ ಹೆಸರಿಟ್ಟ ವರ್ಷ. ಅದರ ಗಡಿ ಗುರುತು ಇರುವುದು ಮೇಘಾಲಯದ ಮಾಮ್ಲುಹ್ ಗುಹೆಯ ಒಂದು ಸ್ಟ್ಯಾಲಗ್ಮೈಟ್ ಒಳಗೆ. ಕ್ರಿ.ಶ. 2000ದಿಂದ ಹಿಂದಕ್ಕೆ ಎಣಿಸಿದರೆ 4,250 ವರ್ಷ, ಅಂದರೆ ಆ ಬರದ ಕಾಲವೇ. ಭೂಮಿಯ ಚರಿತ್ರೆಯ ಒಂದು ಅಧ್ಯಾಯ ಕೈಯಲ್ಲಿ ಹಿಡಿಯಬಹುದಾದ ಕಲ್ಲಿನಿಂದ ಶುರುವಾಗುತ್ತದೆ ಅಂದರೆ ಯಾರಿಗೆ ಆಸೆ ಆಗಲ್ಲ ಹೇಳಿ? ನಮ್ಮ ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ 4,200. ನನ್ನ ಕಲ್ಲಿನಲ್ಲೂ ಅದು ಇದ್ದೇ ಇರುತ್ತದೆ ಅಂತ ನಾನು ಕತ್ತರಿಸುವ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಕಲ್ಲು ಗುಹೆಯ ನೆಲದ ಮೇಲೆ ಮುರಿದು ಬಿದ್ದಿತ್ತು. ನಿಂತಿರುವುದನ್ನು ಒಡೆಯಬಾರದು ಅಂತ ನನ್ನ ಥೀಸಿಸ್ ಗೈಡ್ ಕಟ್ಟುನಿಟ್ಟಾಗಿ ಹೇಳಿದ್ದರು. ಅದು ಸರಿಯಾದ ಮಾತು. ವರ್ಷಕ್ಕೆ ಮಿಲಿಮೀಟರ್‌ನ ನೂರನೇ ಒಂದರಿಂದ ಹತ್ತನೇ ಒಂದು ಭಾಗ ಬೆಳೆಯುವ ವಸ್ತುವನ್ನು ಮುರಿದು, ಆಮೇಲೆ ಬೆಳೆಯಲಿ ಅಂತ ಕಾಯೋಕೆ ಆಗುತ್ತಾ?

ವಜ್ರದ ಗರಗಸಕ್ಕೆ ನೀರು ಬಿಡುತ್ತಾ ಉದ್ದುದ್ದಕ್ಕೆ ಸೀಳಿದೆವು. ಒಳಗೆ ಒಂದರ ಮೇಲೊಂದು ಟೋಪಿ ಕವುಚಿಟ್ಟ ಹಾಗೆ ಪದರಗಳು. ನಡುವಿನಲ್ಲಿ ಚಪ್ಪಟೆ, ಅಂಚಿಗೆ ಹೋದಂತೆ ಕೆಳಗೆ ಇಳಿಯುತ್ತವೆ. ಬಹುಪಾಲು ಜೇನಿನ ಬಣ್ಣ, ಗಾಜಿನ ಹಾಗೆ ಹೊಳಪು. ತುದಿಯಿಂದ 148 ಮಿಲಿಮೀಟರ್ ಕೆಳಗೆ ಮಾತ್ರ ಒಂದು ಕಂದು ಗೆರೆ. ಕೂದಲೆಳೆಯಷ್ಟು ದಪ್ಪ. ಸ್ವಲ್ಪ ಅಂಕುಡೊಂಕು. ಅದರ ಮೇಲೆ ಮೂರು ಮಿಲಿಮೀಟರ್‌ನಷ್ಟು ಹಾಲಿನ ಹಾಗೆ ಬಿಳಿ ಕ್ಯಾಲ್ಸೈಟ್ (ಸುಣ್ಣದ ಹರಳು), ಆಮೇಲೆ ಮತ್ತೆ ಜೇನಿನ ಬಣ್ಣ. ಆ ಗೆರೆ ನನ್ನ ಕಣ್ಣಿಗೆ ಬೀಳಲಿಲ್ಲ ಅಂತ ಅಂದುಕೊಳ್ಳಬೇಡಿ. ಬಿತ್ತು. ನೋಟ್‌ಬುಕ್ಕಿನಲ್ಲಿ ಬರೆದೂ ಇದ್ದೇನೆ: ‘148: ಮಣ್ಣು. ಡೇಟಿಂಗ್‌ಗೆ ಬೇಡ.’

ಈ ಮೂರು ಪದವೇ ನನ್ನ ಒಂದೂವರೆ ವರ್ಷ ತಿಂದದ್ದು. ಅದು ಅಜ್ಞಾನದಿಂದ ಬರೆದದ್ದಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಓದಿಕೊಂಡು ಬರೆದದ್ದು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಯುರೇನಿಯಂ ನೀರಿನಲ್ಲಿ ಕರಗುತ್ತದೆ. ಥೋರಿಯಂ ಹೆಚ್ಚೂಕಮ್ಮಿ ಕರಗುವುದೇ ಇಲ್ಲ. ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಕಾರ್ಬನ್ ಡೈಆಕ್ಸೈಡ್ ಸೇರಿಸಿಕೊಂಡು ಹುಳಿಯಾಗುತ್ತದೆ. ಸುಣ್ಣದ ಕಲ್ಲನ್ನು ಕರಗಿಸುತ್ತಾ, ಜೊತೆಗೆ ಚೂರು ಯುರೇನಿಯಂ ಎತ್ತಿಕೊಂಡು ಗುಹೆಯ ಚಾವಣಿಗೆ ಬರುತ್ತದೆ. ಗುಹೆಯ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ. ಹನಿಯಿಂದ ಅನಿಲ ಹಾರಿ ಹೋಗುತ್ತದೆ, ಸುಣ್ಣ ಉಳಿಯುತ್ತದೆ. ಹೀಗೆ ಕೂತ ಹೊಸ ಪದರದಲ್ಲಿ ಯುರೇನಿಯಂ ಇದೆ, ಥೋರಿಯಂ ಸೊನ್ನೆಗೆ ಹತ್ತಿರ. ಅಲ್ಲಿಂದ ಗಡಿಯಾರ ಶುರು. ಯುರೇನಿಯಂ 234 ನಿಧಾನವಾಗಿ ಥೋರಿಯಂ 230 ಆಗುತ್ತಾ ಹೋಗುತ್ತದೆ. ಆ ಥೋರಿಯಂ ಕೂಡ ಸುಮಾರು 75,600 ವರ್ಷಕ್ಕೆ ಅರ್ಧ ಆಗುತ್ತದೆ. ಎರಡರ ಅನುಪಾತ ಅಳೆದರೆ ವಯಸ್ಸು ಸಿಗುತ್ತದೆ. ಆರು ಲಕ್ಷ ವರ್ಷದ ಆಸುಪಾಸಿನ ತನಕ ಈ ಗಡಿಯಾರ ನಡೆಯುತ್ತದೆ.

ಇದನ್ನು ಕೆಡಿಸುವುದು ಮಣ್ಣು. ಜೇಡಿಯ ಕಣ ಬಂದು ಪದರದಲ್ಲಿ ಸೇರಿದರೆ ತನ್ನದೇ ಥೋರಿಯಂ ಹೊತ್ತು ತರುತ್ತದೆ. ಯಂತ್ರಕ್ಕೆ ಅದು ಹೊರಗಿಂದ ಬಂದದ್ದು ಅಂತ ಗೊತ್ತಾಗಲ್ಲ. ವಯಸ್ಸು ಜಾಸ್ತಿ ತೋರಿಸುತ್ತದೆ. ಮಣ್ಣಿನ ಜೊತೆಗೇ ಬರುವ ಇನ್ನೊಂದು ಬಗೆ, ಥೋರಿಯಂ 232, ಎಷ್ಟಿದೆ ಅಂತ ನೋಡಿ ತಿದ್ದಬಹುದು. ಆದರೆ ಮಣ್ಣು ಜಾಸ್ತಿಯಾದಷ್ಟೂ ತಿದ್ದುಪಡಿಯಲ್ಲಿ ಊಹೆ ಜಾಸ್ತಿ, ಉತ್ತರದ ಪಕ್ಕದ ‘ಹೆಚ್ಚು-ಕಮ್ಮಿ’ ಅಂಕಿಯೂ ಜಾಸ್ತಿ. ದೊಡ್ಡವರನ್ನೂ ಈ ಥೋರಿಯಂ ಸತಾಯಿಸಿದೆ. ಅಮೆರಿಕದ ನೆವಾಡಾದಲ್ಲಿ ಡೆವಿಲ್ಸ್ ಹೋಲ್ ಅಂತ ನೀರು ತುಂಬಿದ ಸೀಳು ಗುಹೆ ಇದೆ. ಅದರ ಗೋಡೆಯ ಕ್ಯಾಲ್ಸೈಟ್ ಓದಿದವರು, ಹಿಂದಿನದರ ಹಿಂದಿನ ಹಿಮಯುಗ ಲೆಕ್ಕಕ್ಕಿಂತ ಸಾವಿರಾರು ವರ್ಷ ಮೊದಲೇ ಮುಗಿದಿತ್ತು ಅಂದಿದ್ದರು. ಭೂಮಿಯ ಕಕ್ಷೆ ಬದಲಾಗುವುದರಿಂದ ಹಿಮಯುಗ ಬರುತ್ತದೆ ಎಂಬ ವಾದಕ್ಕೇ ಅದು ಸವಾಲಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನಿಂತಿತ್ತು. 2016ರಲ್ಲಿ ಹೊಸ ಮಾದರಿ ತೆಗೆದು ನೋಡಿದಾಗ, ಆ ನೀರಿನಲ್ಲೇ ಇದ್ದ ಹೆಚ್ಚುವರಿ ಥೋರಿಯಂ ವಯಸ್ಸನ್ನು ಹಿಗ್ಗಿಸಿತ್ತು ಅಂತ ಇನ್ನೊಂದು ತಂಡ ತೋರಿಸಿತು.

ಇದೆಲ್ಲ ನನಗೆ ಬಾಯಿಪಾಠ ಆಗಿತ್ತು. ಹಾಗಾಗಿ ಡೇಟಿಂಗ್ ಪುಡಿಯನ್ನು ಎಲ್ಲಿ ತೆಗೆದೆ ಅಂತೀರಿ? ಮಣ್ಣಿನ ಗೆರೆಯಿಂದ ಎಷ್ಟು ದೂರ ಆಗುತ್ತೋ ಅಷ್ಟು ದೂರ. ತುದಿಯಿಂದ 10, 95, 205 ಮತ್ತು 300 ಮಿಲಿಮೀಟರ್. ನಾಲ್ಕೂ ಜೇನಿನ ಬಣ್ಣದ ಜಾಗ, ಕಣ್ಣಿಗೆ ಹಬ್ಬ. ಫಲಿತಾಂಶವೂ ಅಷ್ಟೇ ಚೆನ್ನಾಗಿ ಬಂತು: 1,100, 2,900, 6,100, 8,000 ವರ್ಷ. ಹೆಚ್ಚು-ಕಮ್ಮಿ ನಲವತ್ತು ವರ್ಷ. ವಯಸ್ಸು ಕೆಳಗೆ ಹೋದಂತೆ ಏರುತ್ತಿದೆ, ಒಂದೂ ತಲೆಕೆಳಗಾಗಿಲ್ಲ. ಖುಷಿಯಲ್ಲಿ ನಾಲ್ಕು ಚುಕ್ಕಿಗೆ ಸ್ಕೇಲಿಟ್ಟು ಗೆರೆ ಎಳೆದೆ.

ಅಷ್ಟರಲ್ಲಿ ಐಸೊಟೋಪ್ ಕೆಲಸ ಮುಗಿಸಿದ್ದೆ. ಅರ್ಧ ಮಿಲಿಮೀಟರ್‌ಗೆ ಒಂದರಂತೆ 620 ಪುಡಿ. ಹಲ್ಲಿನ ಡಾಕ್ಟರ್ ಬಳಸುವಂಥ ಡ್ರಿಲ್. ಒಂದು ಚುಕ್ಕಿ ಕೊರೆ, ಪುಡಿಯನ್ನು ಬ್ಲೇಡಿನ ತುದಿಯಲ್ಲಿ ಟ್ಯೂಬಿಗೆ ತಳ್ಳು, ಮೊನೆ ಒರೆಸು, ಗಾಳಿ ಊದು, ಮುಂದಿನ ಚುಕ್ಕಿ. ಮೂರು ವಾರ. ಸೀನು ಬಂದರೆ ಮುಖ ಆಚೆ ತಿರುಗಿಸಬೇಕು, ಇಲ್ಲದಿದ್ದರೆ ಹತ್ತು ವರ್ಷದ ಹವಾಮಾನ ಹಾರಿಹೋಗುತ್ತದೆ. (ಒಂದು ಸಲ ಹೋಗಿದೆ.)

620 ಬಿಂದುಗಳ ಗ್ರಾಫ್ ಬಂದಾಗ 140ನೇ ಮಿಲಿಮೀಟರ್‌ನಲ್ಲಿ ಒಂದು ಚೂಪಾದ ಶಿಖರ. ಆಕ್ಸಿಜನ್ 18, ಅಂದರೆ ಭಾರದ ಆಕ್ಸಿಜನ್, ಜಾಸ್ತಿ. ಮುಂಗಾರು ಪ್ರದೇಶಗಳಲ್ಲಿ ಅದನ್ನು ಸಾಮಾನ್ಯವಾಗಿ ಮಳೆ ಕಡಿಮೆ ಅಂತ ಓದುತ್ತಾರೆ. ನನ್ನ ಸ್ಕೇಲಿನ ಗೆರೆ ಪ್ರಕಾರ ಅದರ ವಯಸ್ಸು ಎಷ್ಟು? 4,210. ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದ್ದೆ.

ಜೊತೆಗೆ ಇನ್ನೊಂದು ‘ಸಾಕ್ಷಿ’ಯೂ ಸಿಕ್ಕಿತು. ಮೇಲಿನ ಭಾಗದಲ್ಲಿ ಕಲ್ಲು ಸಾವಿರ ವರ್ಷಕ್ಕೆ 47 ಮಿಲಿಮೀಟರ್ ಬೆಳೆದಿದೆ. ಕೆಳಗಿನ ಭಾಗದಲ್ಲಿ 50. ನಡುವೆ, ಅಂದರೆ 95ರಿಂದ 205ರ ತನಕ, 34 ಮಾತ್ರ. ಬೆಳವಣಿಗೆ ನಿಧಾನ ಆಗಿದೆ ಅಂದರೆ ಹನಿ ಕಡಿಮೆ ಬಿದ್ದಿದೆ, ಹನಿ ಕಡಿಮೆ ಅಂದರೆ ಮಳೆ ಕಡಿಮೆ. ಎರಡು ಸಾಕ್ಷಿ ಒಂದೇ ಮಾತು ಹೇಳುತ್ತಿವೆ ಅಂತ ಬರೆದೆ. ವಿಭಾಗದ ಸೆಮಿನಾರಿಗೆ ಸ್ಲೈಡ್ ಮಾಡಿದೆ. ಶಿಖರದ ಸುತ್ತ ಕೆಂಪು ಪಟ್ಟಿ.

ಸೆಮಿನಾರಿನಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬ ಮೇಡಂ ಕೂತಿದ್ದರು. ಹವಾಮಾನ ಅವರ ವಿಷಯವೇ ಅಲ್ಲ. ಕಲ್ಲನ್ನು ಕಾಗದಕ್ಕಿಂತ ತೆಳುವಾಗಿ ಉಜ್ಜಿ ಮೈಕ್ರೋಸ್ಕೋಪಿನಲ್ಲಿ ನೋಡುವುದೇ ಅವರ ಇಡೀ ವೃತ್ತಿ. ಅವರು ಗ್ರಾಫ್ ನೋಡಲೇ ಇಲ್ಲ. ಮೊದಲ ಸ್ಲೈಡಿಗೆ ವಾಪಸ್ ಹೋಗು ಅಂದರು. ಕಲ್ಲಿನ ಫೋಟೋ.

‘ಈ ಗೆರೆ ಏನಪ್ಪಾ?’

‘ಅದು ಮಣ್ಣು ಮೇಡಂ. ಥೋರಿಯಂ ಇರುತ್ತೆ ಅಂತ ಬಿಟ್ಟು ಡ್ರಿಲ್ ಮಾಡಿದ್ದೀನಿ.’

‘ಬಿಟ್ಟಿದ್ದು ಸರಿ. ಮಣ್ಣು ಬಂದು ಕೂರೋಕೆ ಎಷ್ಟು ಹೊತ್ತು ಹಿಡೀತು ಅಂತ ಕೇಳಿದ್ಯಾ?’

ನನಗೆ ಉತ್ತರ ಹೊಳೆಯಲಿಲ್ಲ. ಸಂಜೆ ಅವರ ಕೋಣೆಯಲ್ಲಿ ಆ ಗೆರೆ ಇರುವ ತುಂಡನ್ನು ಹಾಗೆ ಉಜ್ಜಿ ಮಾಡಿದ ತೆಳು ಸೀಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದೆವು. ಬರಿಗಣ್ಣಿಗೆ ಕೂದಲೆಳೆ. ಅಲ್ಲಿ ನೋಡಿದರೆ ಕೊರಕಲು ಬಿದ್ದ ದಂಡೆ. ಕೆಳಗಿನ ಪದರಗಳು ಅಂಚಿನಲ್ಲಿ ಬಾಗಿ ಇಳಿಯಬೇಕಾದಲ್ಲಿ ಕತ್ತರಿಸಿದ ಹಾಗೆ ನಿಂತುಬಿಟ್ಟಿದ್ದವು. ಹರಳುಗಳ ತುದಿ ಸವೆದು ಮೊಂಡಾಗಿತ್ತು. ಸವೆದ ಗುಂಡಿಗಳಲ್ಲಿ ಕಂದು ಜೇಡಿ ಕೂತಿತ್ತು. ಅದರ ಮೇಲೆ ಹೊಸ ಹರಳುಗಳು, ಸಣ್ಣವು, ಒತ್ತೊತ್ತಾಗಿ, ಮೊದಲಿಂದ ಶುರುಮಾಡಿದ ಹಾಗೆ. ಮೇಡಂ ಏನೂ ಹೇಳಲಿಲ್ಲ. ಟೀ ತರೋಕೆ ಎದ್ದು ಹೋದರು.

ಇನ್ನೆರಡು ಡೇಟ್‌ಗೆ ದುಡ್ಡು ಹೊಂದಿಸೋಕೆ ಐದು ತಿಂಗಳು ಬೇಕಾಯಿತು. ಒಂದು ಗೆರೆಯ ಮೂರು ಮಿಲಿಮೀಟರ್ ಮೇಲೆ, ಒಂದು ಮೂರು ಮಿಲಿಮೀಟರ್ ಕೆಳಗೆ. ಮೇಲಿನದು 3,960 ವರ್ಷ. ಕೆಳಗಿನದು 5,020. ಆರು ಮಿಲಿಮೀಟರ್ ಒಳಗೆ 1,060 ವರ್ಷ! ಆರು ಮಿಲಿಮೀಟರ್ ಬೆಳೆಯೋಕೆ ಆ ಕಲ್ಲಿಗೆ ನೂರಿಪ್ಪತ್ತು ವರ್ಷ ಸಾಕು. ಮಿಕ್ಕ 940 ವರ್ಷ ಆ ಕಂದು ಗೆರೆಯೊಳಗೆ ಮಡಚಿಟ್ಟಿತ್ತು. ಸುಮಾರು 4,960ರಿಂದ 4,020ರ ತನಕ ಕಲ್ಲಿನ ದಾಖಲೆಯೇ ಇಲ್ಲ.

ಈಗ ಹಿಂದೆ ಹೋಗಿ ಲೆಕ್ಕ ಹಾಕಿ. 140ನೇ ಮಿಲಿಮೀಟರ್‌ನ ನನ್ನ ಶಿಖರ 4,210 ಅಲ್ಲವೇ ಅಲ್ಲ, 3,850. ಗೆರೆಗೆ ತಾಗಿ ಮೇಲಿದ್ದ ಬಿಂದುಗಳಿಗೆ ನಾನು ನಾನೂರು ವರ್ಷ ಜಾಸ್ತಿ ಕೊಟ್ಟಿದ್ದೆ. ಕೆಳಗಿದ್ದವುಗಳಿಗೆ ಐನೂರು ವರ್ಷ ಕಡಿಮೆ ಕೊಟ್ಟಿದ್ದೆ. ಬೆಳವಣಿಗೆ ನಿಧಾನ ಆಗಿದ್ದೂ ಸುಳ್ಳು. ಬೆಳೆಯುವಾಗೆಲ್ಲ ಅದೇ ವೇಗ, ನಡುವೆ ನಿಂತಿತ್ತು ಅಷ್ಟೇ. ನನ್ನ ಎರಡನೇ ಸಾಕ್ಷಿ ಹುಟ್ಟಿದ್ದೇ ಮೊದಲ ತಪ್ಪಿನ ಹೊಟ್ಟೆಯಲ್ಲಿ. ಎಲ್ಲಕ್ಕಿಂತ ತಮಾಷೆ ಅಂದರೆ 4,200ನೇ ವರ್ಷ ಆ ಖಾಲಿ ಜಾಗದ ಒಳಗೇ ಬೀಳುತ್ತದೆ. ನಾನು ಯಾವ ಬರದ ಬಗ್ಗೆ ಸ್ಲೈಡ್ ಮಾಡಿದ್ದೆನೋ ಅದರ ಬಗ್ಗೆ ಆ ಕಲ್ಲು ಒಂದಕ್ಷರ ಬರೆದಿರಲಿಲ್ಲ.

ಹಾಗಾದರೆ ಬೆಳವಣಿಗೆ ನಿಂತದ್ದೇ ಬರಕ್ಕೆ ಸಾಕ್ಷಿ ಅಲ್ವಾ ಅಂತ ನೀವು ಕೇಳಬಹುದು. ನಾನೂ ಅದಕ್ಕೇ ಜೋತುಬಿದ್ದೆ, ಒಂದು ವಾರ. ಆದರೆ ಹನಿ ನಿಲ್ಲೋಕೆ ನೂರೆಂಟು ಕಾರಣ. ಮೇಲಿನ ಬಿರುಕು ಸುಣ್ಣ ಕಟ್ಟಿ ಮುಚ್ಚಿಹೋಗಬಹುದು. ನೀರು ಪಕ್ಕದ ದಾರಿ ಹಿಡಿಯಬಹುದು. ಪ್ರವಾಹ ಬಂದು ಕಲ್ಲಿನ ಮೇಲೆ ಕೆಸರು ಬಳಿದು ಹೋಗಬಹುದು. ಇದನ್ನು ಗೆರೆಯ ಆಕಾರವೇ ಸ್ವಲ್ಪ ಹೇಳುತ್ತದೆ. ಕೆಳಗಿನ ಪದರಗಳು ಬರಬರುತ್ತಾ ತೆಳುವಾಗಿ, ಟೋಪಿ ಸಣ್ಣದಾಗುತ್ತಾ ಹೋಗಿ ನಿಂತಿದ್ದರೆ ಹನಿ ಕಮ್ಮಿಯಾಗಿ ನಿಂತಿತು ಅನ್ನಬಹುದು. ಪದರಗಳು ಕತ್ತರಿಸಿಕೊಂಡಿದ್ದರೆ, ಸುಣ್ಣ ಬಿಡುವ ಬದಲು ಸುಣ್ಣವನ್ನೇ ಕರಗಿಸುವ ನೀರು ಬಿದ್ದಿದೆ ಅಂತ ಅರ್ಥ. ಅದು ಹೆಚ್ಚಾಗಿ ನೀರು ಜೋರಾಗಿ ಇಳಿಯುವಾಗ ಆಗುವಂಥದ್ದು. ನನ್ನದು ಕತ್ತರಿಸಿಕೊಂಡ ಜಾತಿ. ನನ್ನ ‘ಬರ’ದ ಬುಡದಲ್ಲಿ ಇದ್ದದ್ದು ಬಹುಶಃ ನೆರೆ. ಕರಗಿ ಹೋದ ಪದರಗಳು ಎಷ್ಟು ವರ್ಷದವು ಅನ್ನುವುದಕ್ಕೂ ಲೆಕ್ಕ ಸಿಗಲ್ಲ.

ಸರಿ, ನಿಮ್ಮ ಪ್ರಶ್ನೆಗೆ ಬರೋಣ. ಆಕ್ಸಿಜನ್ನಾ ಮೆಗ್ನೀಸಿಯಮ್ಮಾ? ನನ್ನ ಪ್ರಕಾರ ಈಗ ಎರಡೂ ಬೇಡ. ಇದು ಗೋಡೆ ಏಳುವ ಮೊದಲು ಯಾವ ಬಣ್ಣ ಹೊಡೆಸಲಿ ಅಂತ ಕೇಳಿದ ಹಾಗಿದೆ. 620 ಬಿಂದು ಅಳೆದು ಅವನ್ನೆಲ್ಲ ನಾಲ್ಕು ಮೊಳೆಗೆ ನೇತುಹಾಕಿದ್ದವನು ನಾನು, ಅದಕ್ಕೇ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ. ಅಳತೆಯ ದುಡ್ಡಲ್ಲಿ ಅರ್ಧ ತೆಗೆದು ಡೇಟಿಂಗ್‌ಗೆ ಹಾಕಿ. ಐಸೊಟೋಪ್ ಎರಡು ಮಿಲಿಮೀಟರ್‌ಗೆ ಒಂದು ಸಾಕು, ಬೇಕಾದ ಕಡೆ ಆಮೇಲೆ ಒತ್ತಾಗಿ ತೆಗೆಯಬಹುದು. ಕಲ್ಲು ಎಲ್ಲೂ ಓಡಿಹೋಗಲ್ಲ.

ಅದಕ್ಕೂ ಮೊದಲು ಮೈಕ್ರೋಸ್ಕೋಪಿಗೆ ತೆಳು ಸೀಳು ಮಾಡಿಸಿ. ಡೇಟಿಂಗ್‌ಗೆ ಹೋಲಿಸಿದರೆ ಅದಕ್ಕಾಗುವ ಖರ್ಚು ಏನೇನೂ ಅಲ್ಲ. ಬಣ್ಣ ಬದಲಾಗುವ, ಹಾಲು-ಬಿಳಿ ಆಗುವ, ಪದರ ಅಡ್ಡಾದಿಡ್ಡಿ ಆಗುವ ಪ್ರತಿ ಜಾಗವನ್ನೂ ಗುರುತು ಹಾಕಿಕೊಳ್ಳಿ. ಡೇಟಿಂಗ್ ತೂತು ಅವುಗಳ ಎರಡೂ ಪಕ್ಕದಲ್ಲಿ ಬರಬೇಕು. ಮಣ್ಣಿನ ಮೇಲೆ ಬೇಡ, ಮಣ್ಣಿಂದ ದೂರವೂ ಬೇಡ. ಶುದ್ಧ ಕ್ಯಾಲ್ಸೈಟ್ ಎಲ್ಲಿ ಶುರುವಾಗುತ್ತದೋ ಅಲ್ಲೇ. ‘ಸಮಾನ ಅಂತರದಲ್ಲಿ ತೆಗಿ’ ಅಂತ ನಿಮಗೂ ಯಾರಾದರೂ ಹೇಳಿರುತ್ತಾರೆ. ಗೌರವದಿಂದ ತಲೆಯಾಡಿಸಿ, ಮಾಡಬೇಡಿ.

ಆಕ್ಸಿಜನ್ ಬಗ್ಗೆ ಒಂದು ಮಾತು. ಅದು ಮಳೆ ಅಳೆಯುವ ಪಾತ್ರೆ ಅಲ್ಲ. ಆವಿ ಯಾವ ಕಡಲಿಂದ ಎದ್ದಿತು, ದಾರಿಯಲ್ಲಿ ಎಷ್ಟು ಸುರಿಸಿ ಬಂತು, ಯಾವ ಋತುವಿನ ನೀರು ಗುಹೆಗೆ ಇಳಿಯಿತು, ಎಲ್ಲ ಅದರಲ್ಲಿ ಬೆರೆತಿರುತ್ತದೆ. ಚೀನಾದ ಹುಲು ಗುಹೆಯ ದಾಖಲೆ 2001ರಲ್ಲಿ ಬಂದಾಗ ಗ್ರೀನ್‌ಲ್ಯಾಂಡ್ ಹಿಮದ ಏರಿಳಿತದ ಜೊತೆ ಅದು ತಾಳೆಯಾಗಿದ್ದು ನೋಡಿ ಎಲ್ಲರೂ ಬೆರಗಾದರು. ಆದರೆ ಚೀನಾದ ಗುಹೆಗಳ ಆಕ್ಸಿಜನ್ ಆ ಜಾಗದ ಮಳೆಯನ್ನೇ ಹೇಳುತ್ತಾ, ದೂರದ ಮುಂಗಾರಿನ ಬಲವನ್ನಾ ಎಂಬ ಜಗಳ ಇನ್ನೂ ಮುಗಿದಿಲ್ಲ. ಇನ್ನು ಆಕ್ಸಿಜನ್ 18 ಮತ್ತು ಕಾರ್ಬನ್ 13 (ಭಾರದ ಕಾರ್ಬನ್) ಒಂದೇ ಪದರದ ಉದ್ದಕ್ಕೆ ಜೊತೆಜೊತೆಯಾಗಿ ಏರುತ್ತಿದ್ದರೆ, ಹನಿ ಕಲ್ಲಿನ ಮೇಲೆ ಅವಸರದಲ್ಲಿ ಅನಿಲ ಬಿಟ್ಟುಕೊಂಡಿದೆ ಅಂತ ಅನುಮಾನಿಸಿ. ನನ್ನ ಪ್ರಸಿದ್ಧ ಶಿಖರದಲ್ಲಿ ಎರಡೂ ಜೊತೆಗೇ ಏರಿದ್ದವು. ಅದನ್ನೂ ನಾನು ಗ್ರಾಫಿನಲ್ಲಿ ನೋಡಿದ್ದೆ, ‘ಆಹಾ, ಕಾರ್ಬನ್ನೂ ಒಪ್ಪುತ್ತಿದೆ’ ಅಂದುಕೊಂಡಿದ್ದೆ. ಮೆಗ್ನೀಸಿಯಂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನೀರು ಕಡಿಮೆಯಾದಾಗ ಅದು ದಾರಿಯಲ್ಲೇ ಸುಣ್ಣ ಬಿಟ್ಟು ಬರುತ್ತದೆ, ಮೆಗ್ನೀಸಿಯಂ ನೀರಲ್ಲೇ ಉಳಿದು ಅದರ ಪಾಲು ಏರುತ್ತದೆ. ಹಾಗಾಗಿ ಕೊನೆಗೆ ಎರಡೂ ಬೇಕು. ಆದರೆ ಅದು ಕೊನೆಗೆ.

4,200 ಹುಡುಕುವುದನ್ನು ಮಾತ್ರ ಇವತ್ತೇ ಬಿಟ್ಟುಬಿಡಿ. ಒಂದು ಅಂಕಿ ಹಿಡಿದುಕೊಂಡು ಹೋದರೆ ಅದು ಸಿಕ್ಕೇ ಸಿಗುತ್ತದೆ. ಸಿಗೋದೇ ತೊಂದರೆ. ಮಾಮ್ಲುಹ್ ಗುಹೆಯದೇ ಬೇರೆ ಸ್ಟ್ಯಾಲಗ್ಮೈಟ್‌ಗಳನ್ನು ಓದಿದವರು ಆ ಘಟನೆಯ ಕಾಲ, ರೂಪ ಎರಡರ ಬಗ್ಗೆಯೂ ಪ್ರಶ್ನೆ ಎತ್ತಿದ್ದಾರೆ. ಅದಕ್ಕೇ ಅದೇ ಗುಹೆಯಿಂದ ಇನ್ನೊಂದು ಕಲ್ಲು ಇದ್ದರೆ ಪುಣ್ಯ. ಎರಡು ಕಲ್ಲುಗಳು ಬೇರೆ ಬೇರೆ ಹನಿಯಲ್ಲಿ ಬೆಳೆದು ಒಂದೇ ಏರಿಳಿತ ತೋರಿಸಿದರೆ ನಾನು ನಂಬುತ್ತೇನೆ. ನನ್ನ ಪೇಪರ್ ಕೊನೆಗೆ ಎರಡು ತುಂಡಾಗಿ ಬಂತು: 8,000ದಿಂದ 4,960, ಮತ್ತೆ 4,020ರಿಂದ ಮುಂದೆ. ಹೆಸರಿನಲ್ಲಿ ಬರ ಅನ್ನುವ ಪದ ಇಲ್ಲ. ಹೆಚ್ಚು ಜನ ಓದಿಲ್ಲ.

ಏನು ಮಾಡಿದರೂ ನಾಲ್ಕೇ ಡೇಟ್ ಅಂತಾದರೆ ಹೀಗೆ ಹಂಚಿ. ಒಂದು ಬುಡಕ್ಕೆ. ಎರಡು, ತೆಳು ಸೀಳಿನಲ್ಲಿ ಅತಿ ಅನುಮಾನ ಬಂದ ಗೆರೆಯ ಮೇಲೆ-ಕೆಳಗೆ. ನಾಲ್ಕನೆಯದು ಎಲ್ಲಿಗೆ ಅನ್ನುವುದು ಒಂದು ವಿಷಯದ ಮೇಲೆ ನಿಂತಿದೆ, ಅದನ್ನು ನೀವು ಬರೆದಿಲ್ಲ: ಕಲ್ಲನ್ನು ಎತ್ತಿಕೊಂಡಾಗ ಅದು ನಿಂತಿತ್ತಾ, ಮೇಲಿಂದ ಹನಿ ಬೀಳುತ್ತಿತ್ತಾ? ಬೀಳುತ್ತಿದ್ದರೆ, ಆ ಹನಿಯ ಕೆಳಗೆ ಒಂದು ಗಾಜಿನ ತುಂಡು ಇಟ್ಟು ಬನ್ನಿ. ಕೆಲವು ತಿಂಗಳು ಬಿಟ್ಟು ಹೋದಾಗ ಗಾಜಿನ ಮೇಲೆ ಹರಳು ಕೂತಿದ್ದರೆ ತುದಿಯ ವಯಸ್ಸು ಸೊನ್ನೆ ಅಂತ ಇಟ್ಟುಕೊಳ್ಳಬಹುದು. ಒಂದು ಡೇಟ್ ಉಳಿಯಿತು, ಅದನ್ನು ಎರಡನೇ ಅನುಮಾನದ ಗೆರೆಗೆ ಹಾಕಿ. ಗಾಜು ಹಾಗೇ ಬರಿದಾಗಿದ್ದರೆ, ಅಥವಾ ಕಲ್ಲು ನನ್ನದರ ಹಾಗೆ ನೆಲದಲ್ಲಿ ಬಿದ್ದಿದ್ದರೆ, ನಾಲ್ಕನೆಯದನ್ನು ತುದಿಗೇ ಕೊಡಬೇಕು.